ಹಳೆಯ ಕಂಪ್ಯೂಟರಿಗೆ ಲಿನಕ್ಸ್: ಸ್ಥಾಪನೆ ಮತ್ತು ಪಾಲನೆ

ಹನೂರು ತಾಲ್ಲೂಕಿನ ಬಂಡಳ್ಳಿ ಸುತ್ತಮುತ್ತಲಿನ ಹಳ್ಳಿಗಳು ಹೆಚ್ಚಾಗಿ ಮಳೆಯನ್ನು ನಂಬಿದ ಬೇಸಾಯದ ಸೀಮೆ. ರಾಗಿ, ಮುಸುಕಿನ ಜೋಳ, ಹುರುಳಿ ಇಲ್ಲಿಯ ಬೆಳೆಗಳು. ನೀರಿರುವ ಕಡೆ ಹಿಪ್ಪುನೇರಳೆ, ಅರಿಶಿನಗಳೂ ಉಂಟು. ಇಂತಹ ಊರುಗಳಲ್ಲಿಯೂ ಇಂದು ಹಲವು ಮನೆಗಳಲ್ಲಿ ಕಂಪ್ಯೂಟರ್ ಇದೆ. ಮಕ್ಕಳ ಓದಿಗೆಂದು ಕೊಂಡ ಲ್ಯಾಪ್‌ಟಾಪ್, ಮಕ್ಕಳು ಉದ್ಯೋಗಕ್ಕೆಂದು ಮೈಸೂರಿಗೋ ಬೆಂಗಳೂರಿಗೋ ಹೋದ ಮೇಲೆ, ಮನೆಯಲ್ಲಿಯೇ ಉಳಿದಿರುತ್ತದೆ. ಪಹಣಿ ನೋಡಲು, ಫ್ರೂಟ್ಸ್ ನೋಂದಣಿಯ ವಿವರ ಪರಿಶೀಲಿಸಲು, ಬೆಳೆ ವಿಮೆಯ ಅರ್ಜಿಯ ಸ್ಥಿತಿ ತಿಳಿಯಲು, ಬ್ಯಾಂಕಿನ ಲೆಕ್ಕ ನೋಡಲು ಅದು ಉಪಯೋಗಕ್ಕೆ ಬರುತ್ತದೆ.

ಆದರೆ ಇಂತಹ ಹಳೆಯ ಯಂತ್ರಗಳು ಈಗ ಎರಡು ತೊಂದರೆಗಳಿಗೆ ಸಿಕ್ಕಿವೆ. ಒಂದು, ಅವು ತೀರ ನಿಧಾನವಾಗಿವೆ. ಎರಡು, ಅವುಗಳಲ್ಲಿರುವ ವಿಂಡೋಸ್ 10 ವ್ಯವಸ್ಥೆಗೆ ತಯಾರಕರು ಕೊಡುತ್ತಿದ್ದ ಸಾಮಾನ್ಯ ರಕ್ಷಣಾ ಪರಿಷ್ಕರಣೆ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ನೋಂದಾಯಿಸಿಕೊಂಡವರಿಗೆ ಮಾತ್ರ ಸ್ವಲ್ಪ ಕಾಲದ ಹೆಚ್ಚುವರಿ ಪರಿಷ್ಕರಣೆ ದೊರೆಯುವ ಏರ್ಪಾಡು ಮಾಡಲಾಯಿತು. ಹಾಗೆಂದು ಯಂತ್ರವನ್ನು ಮೂಲೆಗೆ ಹಾಕಿ ಹೊಸದನ್ನು ಕೊಳ್ಳುವ ಅಗತ್ಯ ಎಲ್ಲರಿಗೂ ಇಲ್ಲ. ಬೆಲೆಯಿಲ್ಲದೆ ದೊರೆಯುವ ಲಿನಕ್ಸ್ ಎಂಬ ಮುಕ್ತ ವ್ಯವಸ್ಥೆಯನ್ನು ಹಾಕಿಕೊಂಡು ಅದೇ ಯಂತ್ರವನ್ನು ಇನ್ನೂ ಕೆಲವು ವರ್ಷ ದುಡಿಸಿಕೊಳ್ಳಬಹುದು. ಇದನ್ನು ಹಾಕುವ ಕ್ರಮ, ಹಾಕುವ ಮುನ್ನ ವಹಿಸಬೇಕಾದ ಎಚ್ಚರಿಕೆ ಮತ್ತು ನಂತರದ ಪಾಲನೆಯನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಕಾರ್ಯಾಚರಣ ವ್ಯವಸ್ಥೆ ಎಂದರೇನು?

ಕಂಪ್ಯೂಟರಿನ ಪರದೆ, ಕೀಲಿಮಣೆ, ತಟ್ಟೆ, ಮುದ್ರಕ ಮೊದಲಾದ ಭಾಗಗಳನ್ನು ಹೊಂದಿಸಿ ನಡೆಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆ ಎನ್ನುತ್ತಾರೆ. ಪತ್ರ ಬರೆಯುವ, ಲೆಕ್ಕ ಮಾಡುವ, ಜಾಲತಾಣ ನೋಡುವ ತಂತ್ರಾಂಶಗಳೆಲ್ಲ ಇದರ ಮೇಲೆ ನಿಂತು ಕೆಲಸ ಮಾಡುತ್ತವೆ. ವಿಂಡೋಸ್ ಅಂತಹ ಒಂದು ವ್ಯವಸ್ಥೆ, ಲಿನಕ್ಸ್ ಇನ್ನೊಂದು.

1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಅವರು ಎಲ್ಲರೂ ಮುಕ್ತವಾಗಿ ಬಳಸಬಹುದಾದ ವ್ಯವಸ್ಥೆಯೊಂದನ್ನು ಕಟ್ಟುವುದಾಗಿ ಪ್ರಕಟಿಸಿ, ಅದಕ್ಕೆ ಗ್ನೂ ಎಂದು ಹೆಸರಿಟ್ಟರು. 1991ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ತಮ್ಮ 21ನೆಯ ವಯಸ್ಸಿನಲ್ಲಿ ಇಂತಹ ವ್ಯವಸ್ಥೆಗೆ ಬೇಕಾದ ತಿರುಳನ್ನು ಬರೆದು ಹಂಚಿದರು. ಆ ತಿರುಳಿಗೆ ಲಿನಕ್ಸ್ ಎಂದು ಹೆಸರಾಯಿತು. ನಂತರ ಅನೇಕ ದೇಶಗಳ ಸಾವಿರಾರು ಜನ ಸೇರಿ ಅದನ್ನು ಬೆಳೆಸಿದರು. ಇದು ನಮಗೆ ದೂರದ ವಸ್ತುವೇನೂ ಅಲ್ಲ. ರೈತರ ಜೇಬಿನಲ್ಲಿರುವ ಆಂಡ್ರಾಯ್ಡ್ ಮೊಬೈಲಿನ ಒಳಗಿರುವುದೂ ಲಿನಕ್ಸ್ ತಿರುಳೇ.

ಮುಕ್ತ ತಂತ್ರಾಂಶವೂ ಬಿತ್ತನೆ ಬೀಜವೂ

ಮುಕ್ತ ತಂತ್ರಾಂಶ ಎಂದರೆ ಕೇವಲ ಹಣವಿಲ್ಲದ ತಂತ್ರಾಂಶವಲ್ಲ. ಅದನ್ನು ಯಾವ ಕೆಲಸಕ್ಕಾದರೂ ಬಳಸುವ, ಅದರ ಒಳರಚನೆಯನ್ನು ನೋಡುವ, ಬೇಕಾದಂತೆ ಬದಲಿಸುವ ಮತ್ತು ಇತರರಿಗೆ ಹಂಚುವ ಹಕ್ಕು ಬಳಸುವವನಿಗೆ ಇರುತ್ತದೆ. ಇದನ್ನು ರೈತರು ಬೀಜದ ಹೋಲಿಕೆಯಿಂದ ಸುಲಭವಾಗಿ ತಿಳಿಯಬಹುದು. ರಾಗಿ ಸ್ವಕೀಯ ಪರಾಗಸ್ಪರ್ಶದ ಬೆಳೆ. ಜಿಪಿಯು-28ರಂತಹ ತಳಿಯನ್ನು ಒಮ್ಮೆ ತಂದರೆ ಒಳ್ಳೆಯ ತೆನೆ ಆರಿಸಿ ಬೀಜ ಮಾಡಿಕೊಂಡು, ನೆರೆಯವರಿಗೂ ಕೊಡಬಹುದು. ಸಂಕರಣ ಮುಸುಕಿನ ಜೋಳದಲ್ಲಿ ಹಾಗಾಗುವುದಿಲ್ಲ. ಅದರ ಬೀಜವನ್ನು ಪ್ರತಿ ಹಂಗಾಮಿಗೂ ಕೊಳ್ಳಬೇಕು. ರೈತನು ತಾನು ಬೆಳೆದ ಬೀಜವನ್ನು ಉಳಿಸಿ, ಬಿತ್ತಿ, ವಿನಿಮಯ ಮಾಡಿಕೊಳ್ಳುವ ಹಕ್ಕನ್ನು ನಮ್ಮ ದೇಶದ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯೂ ಮಾನ್ಯ ಮಾಡಿದೆ. ಲಿನಕ್ಸ್ ಈ ಅರ್ಥದಲ್ಲಿ ರಾಗಿಯ ಬೀಜವಿದ್ದಂತೆ. ಒಂದು ಮನೆಗೆ ತಂದ ಪ್ರತಿಯನ್ನು ಊರಿನ ಹತ್ತು ಮನೆಗೆ ಕೊಟ್ಟರೂ ಅದು ನ್ಯಾಯಸಮ್ಮತ.

ಇದಕ್ಕೆ ಪ್ರತಿಯಾಗಿ, ಹಣ ಕೊಡದೆ ವಿಂಡೋಸ್‌ನ ಕಳ್ಳ ಪ್ರತಿಯನ್ನು ಹಾಕಿಸಿಕೊಳ್ಳುವ ರೂಢಿ ಹಲವೆಡೆ ಇದೆ. ಇದು ಕಾನೂನಿಗೆ ವಿರುದ್ಧ. ಮೇಲಾಗಿ ಬೀಗ ಮುರಿಯಲೆಂದು ಬಳಸುವ ತಂತ್ರಾಂಶಗಳ ಜೊತೆಗೇ ವೈರಸ್ಸೂ ಒಳಗೆ ಬರುವ ಸಂಭವವಿದೆ.

ಪರಿಷ್ಕರಣೆ ನಿಂತರೆ ಆಗುವ ಹಾನಿ

ಯಾವ ತಂತ್ರಾಂಶದಲ್ಲಿಯೂ ಕಾಲಕಾಲಕ್ಕೆ ದೋಷಗಳು ಗೊತ್ತಾಗುತ್ತಲೇ ಇರುತ್ತವೆ. ತಯಾರಕರು ಅವನ್ನು ಮುಚ್ಚುವ ತೇಪೆಗಳನ್ನು ಕಳಿಸುತ್ತಾರೆ. ತೇಪೆ ಹಾಕದ ಯಂತ್ರ ಬೇಲಿ ಮುರಿದ ಹೊಲದಂತೆ. 2017ರ ಮೇ 12ರಂದು ಹರಡಿದ ವನ್ನಾಕ್ರೈ ಎಂಬ ಕೀಟಲೆ ತಂತ್ರಾಂಶವು ಸುಮಾರು 150 ದೇಶಗಳ ಕಂಪ್ಯೂಟರುಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಆಂಧ್ರಪ್ರದೇಶದ ಪೊಲೀಸ್ ಇಲಾಖೆಯ ಕೆಲವು ಕಂಪ್ಯೂಟರುಗಳೂ ಇದಕ್ಕೆ ಸಿಕ್ಕಿದವು. ಆ ದೋಷಕ್ಕೆ ತೇಪೆಯು ಅದೇ ವರ್ಷದ ಮಾರ್ಚ್ ತಿಂಗಳಲ್ಲಿಯೇ ಬಿಡುಗಡೆಯಾಗಿತ್ತು. ತೇಪೆ ಹಾಕದಿದ್ದ ಯಂತ್ರಗಳೇ ಹೆಚ್ಚಾಗಿ ಹಾನಿಗೊಳಗಾದವು.

ಬ್ಯಾಂಕಿನ ಗುಪ್ತ ಸಂಖ್ಯೆ, ಆಧಾರ್ ಪ್ರತಿ, ಜಮೀನಿನ ಕಾಗದಗಳು ಇರುವ ಯಂತ್ರವನ್ನು ತೇಪೆಯಿಲ್ಲದೆ ಅಂತರ್ಜಾಲಕ್ಕೆ ಜೋಡಿಸುವುದು ಸರಿಯಲ್ಲ. ವಿಂಡೋಸ್ 11ಕ್ಕೆ ಏರಬಹುದಲ್ಲವೇ ಎಂದು ಕೇಳಬಹುದು. ಅದಕ್ಕೆ ಟಿಪಿಎಂ 2.0 ಎಂಬ ರಕ್ಷಣಾ ಭಾಗ ಬೇಕು. ಇಂಟೆಲ್ ಸಂಸ್ಕಾರಕವಾದರೆ ಬಹುಮಟ್ಟಿಗೆ 8ನೆಯ ಪೀಳಿಗೆಯದೋ ನಂತರದ್ದೋ ಆಗಿರಬೇಕು. ಆದ್ದರಿಂದ 2017ಕ್ಕಿಂತ ಹಿಂದಿನ ಯಂತ್ರಗಳು ಸಾಮಾನ್ಯವಾಗಿ ಅದಕ್ಕೆ ಅರ್ಹವಲ್ಲ.

ಯಾರು ಬದಲಾಯಿಸಬಾರದು?

ಲಿನಕ್ಸ್ ಎಲ್ಲರಿಗೂ ಎಲ್ಲ ಕೆಲಸಕ್ಕೂ ಒಗ್ಗುವುದಿಲ್ಲ. ಕೆಳಗಿನ ಸಂದರ್ಭಗಳಲ್ಲಿ ಅವಸರ ಮಾಡಬಾರದು.

1. ಹಾಲಿನ ಸಂಘ ಅಥವಾ ಸಹಕಾರ ಸಂಘದ ಲೆಕ್ಕವನ್ನು ಟ್ಯಾಲಿಯಲ್ಲಿ ಇಡುತ್ತಿರುವ ಯಂತ್ರ.

2. ಬೆರಳಚ್ಚು ಸಾಧನ ಅಥವಾ ಡಿಜಿಟಲ್ ಸಹಿಯ ಕೀಲಿ ಬಳಸುವ ಯಂತ್ರ. ಅವುಗಳ ಚಾಲಕ ತಂತ್ರಾಂಶ ಲಿನಕ್ಸಿಗೆ ದೊರೆಯುತ್ತದೆಯೇ ಎಂದು ಮೊದಲೇ ವಿಚಾರಿಸಬೇಕು.

3. ಮುದ್ರಕವನ್ನು ನೆಚ್ಚಿಕೊಂಡ ಯಂತ್ರ. ಎಚ್‌ಪಿ ಮುದ್ರಕಗಳಲ್ಲಿ ಹೆಚ್ಚಿನವು ಸುಲಭವಾಗಿ ಕೆಲಸ ಮಾಡುತ್ತವೆ. ಅಂಗಡಿಗಳಲ್ಲಿ ಬಹಳ ಕಾಣುವ ಕ್ಯಾನನ್ ಎಲ್‌ಬಿಪಿ 2900ರಂತಹವನ್ನು ಹೊಂದಿಸುವುದು ತೊಡಕಿನ ಕೆಲಸ.

ಜಾಲತಾಣ ನೋಡುವುದು, ಪತ್ರ ಬರೆಯುವುದು, ಮನೆಯ ಲೆಕ್ಕ ಇಡುವುದು, ಚಿತ್ರ ಮತ್ತು ಚಲನಚಿತ್ರ ನೋಡುವುದು, ಮಕ್ಕಳ ಪಾಠ, ಇಷ್ಟೇ ಕೆಲಸವಾದರೆ ನಿಶ್ಚಿಂತೆಯಿಂದ ಲಿನಕ್ಸಿಗೆ ಬರಬಹುದು.

ಯಂತ್ರದ ಪರೀಕ್ಷೆ ಮತ್ತು ವಿತರಣೆಯ ಆಯ್ಕೆ

ಒಂದೇ ತಿರುಳಿನ ಸುತ್ತ ಬೇರೆ ಬೇರೆ ತಂಡಗಳು ಬೇರೆ ಬೇರೆ ಕಟ್ಟುಗಳನ್ನು ಮಾಡಿ ಹಂಚುತ್ತವೆ. ಇವಕ್ಕೆ ವಿತರಣೆಗಳೆಂದು ಹೆಸರು. 1993ರಲ್ಲಿ ಆರಂಭವಾದ ಡೆಬಿಯನ್, 2004ರ ಉಬುಂಟು, 2006ರ ಲಿನಕ್ಸ್ ಮಿಂಟ್ ಇವುಗಳಲ್ಲಿ ಪ್ರಸಿದ್ಧವಾದವು. ನಮ್ಮ ದೇಶದ ಸಿ-ಡ್ಯಾಕ್ ಸಂಸ್ಥೆ ಸಿದ್ಧಪಡಿಸಿದ ಬಾಸ್ ಎಂಬ ವಿತರಣೆಯೂ ಇದೆ. ವಿಂಡೋಸ್ ಬಳಸಿ ರೂಢಿಯಾದವರಿಗೆ ಲಿನಕ್ಸ್ ಮಿಂಟ್ ಬೇಗ ಕೈಗೆ ಹತ್ತುತ್ತದೆ. ಆದ್ದರಿಂದ ಈ ಲೇಖನದಲ್ಲಿ ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

ಮಿಂಟ್‌ಗೆ ಕನಿಷ್ಠ 2 ಜಿಬಿ ರ್‍ಯಾಮ್ ಮತ್ತು 20 ಜಿಬಿ ತಟ್ಟೆಯ ಜಾಗ ಬೇಕು. 4 ಜಿಬಿ ರ್‍ಯಾಮ್ ಮತ್ತು 100 ಜಿಬಿ ಜಾಗವಿದ್ದರೆ ಅನುಕೂಲ. ಸಂಸ್ಕಾರಕ 64 ಬಿಟ್‌ನದಾಗಿರಬೇಕು. ಮಿಂಟ್‌ನಲ್ಲಿಯೂ ಮೂರು ಬಗೆಗಳಿವೆ. 4 ಜಿಬಿ ಅಥವಾ ಅದಕ್ಕಿಂತ ಕಡಿಮೆ ರ್‍ಯಾಮ್ ಇರುವ ಯಂತ್ರಕ್ಕೆ ಹಗುರವಾದ ಎಕ್ಸ್‌ಎಫ್‌ಸಿಇ ಬಗೆ ತಕ್ಕುದು. 8 ಜಿಬಿ ಇದ್ದರೆ ಸಿನಮನ್ ಬಗೆಯನ್ನು ಹಾಕಬಹುದು. 2024ರಲ್ಲಿ ಬಿಡುಗಡೆಯಾದ ಮಿಂಟ್ 22ರ ಸಾಲಿಗೆ 2029ರವರೆಗೆ ಪರಿಷ್ಕರಣೆ ದೊರೆಯುತ್ತದೆ.

ಯಂತ್ರದಲ್ಲಿ ತಿರುಗುವ ಹಳೆಯ ಮಾದರಿಯ ತಟ್ಟೆಯಿದ್ದರೆ ಅದನ್ನು ತೆಗೆಸಿ ಎಸ್‌ಎಸ್‌ಡಿ ಹಾಕಿಸುವುದು ಬಹಳ ಲಾಭದಾಯಕ. ವೇಗ ಹೆಚ್ಚುವುದು ಬಹುಮಟ್ಟಿಗೆ ಇದರಿಂದಲೇ. ಇದರಲ್ಲಿ ಇನ್ನೊಂದು ಅನುಕೂಲವೂ ಇದೆ. ತೆಗೆದ ಹಳೆಯ ತಟ್ಟೆಯನ್ನು ಹಾಗೆಯೇ ಎತ್ತಿಟ್ಟರೆ ಅದರಲ್ಲಿದ್ದ ಕಡತಗಳೆಲ್ಲ ಸುರಕ್ಷಿತವಾಗಿ ಉಳಿಯುತ್ತವೆ.

ಕಡತಗಳ ರಕ್ಷಣೆ: ಮರೆಯಲೇಬಾರದ ಕೆಲಸ

ಈ ಲೇಖನದಲ್ಲಿ ರೈತರು ಒಂದೇ ಅಂಶವನ್ನು ನೆನಪಿಡುವುದಾದರೆ ಅದು ಇದಾಗಿರಲಿ. ತಟ್ಟೆಯನ್ನು ಅಳಿಸಿ ಹೊಸ ವ್ಯವಸ್ಥೆ ಹಾಕಿದರೆ ಅದರಲ್ಲಿದ್ದ ಎಲ್ಲವೂ ಹೋಗುತ್ತದೆ. ಮಕ್ಕಳ ಅಂಕಪಟ್ಟಿ, ಜಮೀನಿನ ಕ್ರಯಪತ್ರದ ಪ್ರತಿ, ಸಾಲ ತೀರಿದ ರಸೀತಿ, ಈಗ ಇಲ್ಲದ ಹಿರಿಯರ ಭಾವಚಿತ್ರ, ಇವನ್ನು ಮತ್ತೆ ಪಡೆಯುವುದು ಬಹಳ ಕಷ್ಟ, ಹಲವು ವೇಳೆ ಅಸಾಧ್ಯ.

ಆದ್ದರಿಂದ ಮೊದಲು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಎಂಬ ಕಪಾಟುಗಳನ್ನೂ ಡಿ, ಇ ಮುಂತಾದ ಇತರ ವಿಭಾಗಗಳನ್ನೂ ಹೊರಗಿನ ತಟ್ಟೆಗೆ ಅಥವಾ ಪೆನ್‌ಡ್ರೈವಿಗೆ ನಕಲು ಮಾಡಬೇಕು. ನಕಲಾದ ಮೇಲೆ ಆ ಪೆನ್‌ಡ್ರೈವನ್ನು ಬೇರೊಂದು ಕಂಪ್ಯೂಟರಿನಲ್ಲಿ ಹಾಕಿ ನಾಲ್ಕಾರು ಕಡತಗಳನ್ನು ತೆರೆದು ನೋಡಬೇಕು. ತೆರೆಯದ ನಕಲು ನಕಲಲ್ಲ. ಮುಖ್ಯ ಕಾಗದಗಳಿಗೆ ಎರಡು ನಕಲು ಇದ್ದು, ಅವು ಎರಡು ಬೇರೆ ಮನೆಗಳಲ್ಲಿದ್ದರೆ ಇನ್ನೂ ಉತ್ತಮ. ಬ್ರೌಸರಿನಲ್ಲಿ ಉಳಿಸಿಟ್ಟ ಗುಪ್ತಪದಗಳನ್ನೂ ಬರೆದುಕೊಳ್ಳಬೇಕು.

ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಹಳೆಯ ಅಕ್ಷರಶೈಲಿಯಿಂದ ಬರೆದ ಪತ್ರಗಳಿದ್ದರೆ, ವಿಂಡೋಸ್ ಇರುವಾಗಲೇ ಅವನ್ನು ಪರಿವರ್ತಕದ ಮೂಲಕ ಯೂನಿಕೋಡಿಗೆ ಬದಲಾಯಿಸಿಕೊಳ್ಳುವುದು ಒಳ್ಳೆಯದು. ಹಳೆಯ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸಲಾಗಿತ್ತು. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ.

ಪೆನ್‌ಡ್ರೈವಿನ ಸಿದ್ಧತೆ

8 ಜಿಬಿಯ ಒಂದು ಪೆನ್‌ಡ್ರೈವ್ ಸಾಕು. ಇದರಲ್ಲಿರುವುದೆಲ್ಲ ಅಳಿಸಿಹೋಗುವುದರಿಂದ ಕಡತಗಳನ್ನು ನಕಲಿಸಿದ ಪೆನ್‌ಡ್ರೈವನ್ನು ಇದಕ್ಕೆ ಬಳಸಕೂಡದು. ಮಿಂಟ್‌ನ ಅಧಿಕೃತ ತಾಣದಿಂದ ಐಎಸ್ಓ ಎಂಬ ಕಡತವನ್ನು ಇಳಿಸಿಕೊಳ್ಳಬೇಕು. ಇದರ ಗಾತ್ರ ಸುಮಾರು 3 ಜಿಬಿ. ಮೊಬೈಲ್ ಸಂಕೇತ ದುರ್ಬಲವಾಗಿರುವ ಬೆಟ್ಟದ ಬದಿಯ ಊರುಗಳವರು ಇದನ್ನು ಹನೂರು ಅಥವಾ ಕೊಳ್ಳೇಗಾಲಕ್ಕೆ ಹೋದಾಗ ಇಳಿಸಿಕೊಂಡು ತರಬಹುದು. ಒಬ್ಬರು ತಂದರೆ ಊರಿಗೆಲ್ಲ ಸಾಕು.

ಇಳಿಸಿದ ಕಡತ ಅಸಲಿಯೇ ಎಂದು ಪರೀಕ್ಷಿಸುವುದು ಅವಶ್ಯ. 2016ರ ಫೆಬ್ರವರಿ 20ರಂದು ಮಿಂಟ್‌ನ ತಾಣಕ್ಕೇ ಕಳ್ಳರು ನುಗ್ಗಿ, 17.3ನೆಯ ಆವೃತ್ತಿಯ ಬದಲಿಗೆ ಕಳ್ಳಬಾಗಿಲಿರುವ ನಕಲಿ ಕಡತ ಇಳಿಯುವಂತೆ ಮಾಡಿದ್ದರು. ತಂಡವು ಇದನ್ನು ಬೇಗನೆ ಪತ್ತೆಹಚ್ಚಿ ಎಲ್ಲರಿಗೂ ತಿಳಿಸಿತು. ಬೀಜದ ಚೀಲದ ಮೇಲೆ ಪ್ರಮಾಣೀಕರಣದ ನೀಲಿ ಚೀಟಿಯನ್ನು ನೋಡುವಂತೆ ಇಲ್ಲಿಯೂ ಒಂದು ಗುರುತನ್ನು ನೋಡಬೇಕು. ಪ್ರತಿ ಕಡತಕ್ಕೂ ಎಸ್ಎಚ್ಎ-256 ಎಂಬ 64 ಅಕ್ಷರಾಂಕಿಗಳ ಪರೀಕ್ಷಾ ಮೊತ್ತವನ್ನು ಪ್ರಕಟಿಸಿರುತ್ತಾರೆ. ಕಡತದಲ್ಲಿ ಒಂದು ಚುಕ್ಕೆ ಬದಲಾದರೂ ಈ ಮೊತ್ತ ಬದಲಾಗುತ್ತದೆ. ತಾಣದಲ್ಲಿರುವ ಮೊತ್ತವೂ ನಮ್ಮ ಕಡತದ ಮೊತ್ತವೂ ಒಂದೇ ಆಗಿರಬೇಕು. ಸಾಧ್ಯವಾದರೆ ಮೊತ್ತವನ್ನು ಇನ್ನೊಂದು ಅಧಿಕೃತ ಪ್ರತಿತಾಣದಲ್ಲಿಯೂ ಸರಿನೋಡಬೇಕು.

ಬಳಿಕ ರೂಫಸ್ ಎಂಬ ಚಿಕ್ಕ ತಂತ್ರಾಂಶದಿಂದ ಐಎಸ್ಓ ಕಡತವನ್ನು ಪೆನ್‌ಡ್ರೈವಿಗೆ ಬರೆಯಬೇಕು. ಪರೀಕ್ಷಾ ಮೊತ್ತ ತೋರಿಸುವ ಗುಂಡಿಯೂ ಇದರಲ್ಲಿಯೇ ಇದೆ. ಕಡತವನ್ನು ಸಾಮಾನ್ಯ ರೀತಿಯಲ್ಲಿ ನಕಲು ಮಾಡಿ ಹಾಕಿದರೆ ಯಂತ್ರ ಅದರಿಂದ ಏಳುವುದಿಲ್ಲ.

ಮೊದಲು ನಡೆಸಿ ನೋಡಿ

ಹೊಸ ತಳಿಯನ್ನು ಇಡೀ ಹೊಲಕ್ಕೆ ಬಿತ್ತುವ ಮೊದಲು ಒಂದು ಪಟ್ಟೆಯಲ್ಲಿ ಬೆಳೆದು ನೋಡುವುದು ಜಾಣತನ. ಮಿಂಟ್‌ನಲ್ಲಿಯೂ ಈ ಅನುಕೂಲವಿದೆ. ತಟ್ಟೆಯಲ್ಲಿ ಏನನ್ನೂ ಬದಲಾಯಿಸದೆ ಪೆನ್‌ಡ್ರೈವಿನಿಂದಲೇ ಇಡೀ ವ್ಯವಸ್ಥೆಯನ್ನು ನಡೆಸಿ ನೋಡಬಹುದು.

ಪೆನ್‌ಡ್ರೈವ್ ಸಿಕ್ಕಿಸಿ, ಯಂತ್ರ ಹಾಕಿದ ಕೂಡಲೇ ಆರಂಭದ ಆಯ್ಕೆಯ ಕೀಲಿಯನ್ನು ಬಿಟ್ಟು ಬಿಟ್ಟು ಒತ್ತಬೇಕು. ಸಾಮಾನ್ಯವಾಗಿ ಡೆಲ್ ಮತ್ತು ಲೆನೊವೊ ಯಂತ್ರಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಅಸೂಸ್‌ನಲ್ಲಿ ಎಸ್ಕೇಪ್ ಕೀಲಿ. ಪಟ್ಟಿಯಲ್ಲಿ ಪೆನ್‌ಡ್ರೈವನ್ನು ಆರಿಸಿದರೆ ಮಿಂಟ್ ಏಳುತ್ತದೆ. ಈಗ ವೈಫೈ, ಧ್ವನಿ, ಕ್ಯಾಮೆರಾ, ಪರದೆಯ ಬೆಳಕು, ಮುದ್ರಕ, ಇವನ್ನು ಒಂದೊಂದಾಗಿ ಪರೀಕ್ಷಿಸಬೇಕು. ತಾವು ದಿನವೂ ನೋಡುವ ಜಾಲತಾಣಗಳನ್ನು ತೆರೆದು ನೋಡಬೇಕು. ಎಲ್ಲವೂ ಸರಿಯಿದ್ದರೆ ಮಾತ್ರ ಮುಂದುವರಿಯಬೇಕು. ಪೆನ್‌ಡ್ರೈವಿನಿಂದ ನಡೆಯುವಾಗ ಯಂತ್ರ ಸ್ವಲ್ಪ ನಿಧಾನವೆನಿಸುವುದು ಸಹಜ.

ಸ್ಥಾಪನೆಯ ಕ್ರಮ

ವಿದ್ಯುತ್ ಯಾವಾಗ ಹೋಗುತ್ತದೆಂದು ತಿಳಿದುಕೊಂಡು, ಬ್ಯಾಟರಿ ತುಂಬಿರುವಾಗ ಕೆಲಸ ಆರಂಭಿಸಬೇಕು. ಬ್ಯಾಟರಿ ಕೆಟ್ಟಿರುವ ಲ್ಯಾಪ್‌ಟಾಪ್ ಅಥವಾ ಮೇಜಿನ ಕಂಪ್ಯೂಟರ್ ಆದರೆ ಯುಪಿಎಸ್ ಇಲ್ಲದೆ ತೊಡಗಬಾರದು. ನಡುವೆ ವಿದ್ಯುತ್ ಹೋದರೆ ಮೊದಲಿನಿಂದ ಮಾಡಬೇಕಾಗುತ್ತದೆ.

1. ಪರದೆಯ ಮೇಲಿನ ಇನ್‌ಸ್ಟಾಲ್ ಲಿನಕ್ಸ್ ಮಿಂಟ್ ಎಂಬ ಚಿತ್ರವನ್ನು ಒತ್ತಬೇಕು. ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಅನುವಾದ ಪೂರ್ತಿಯಾಗಿಲ್ಲದ ಕಾರಣ ಕೆಲವು ಸಾಲುಗಳು ಇಂಗ್ಲಿಷಿನಲ್ಲಿಯೇ ಕಾಣಬಹುದು.

2. ಕೀಲಿಮಣೆಯಾಗಿ ಸದ್ಯಕ್ಕೆ ಇಂಗ್ಲಿಷನ್ನೇ ಆರಿಸಬೇಕು. ಗುಪ್ತಪದ ಬರೆಯಲು ಇದು ಅನುಕೂಲ.

3. ಮಲ್ಟಿಮೀಡಿಯಾ ಕೋಡೆಕ್ ಹಾಕಬೇಕೆ ಎಂಬ ಪ್ರಶ್ನೆಗೆ ಗುರುತು ಹಾಕಬೇಕು. ಇಲ್ಲದಿದ್ದರೆ ಕೆಲವು ಹಾಡು, ಚಲನಚಿತ್ರಗಳು ನಡೆಯುವುದಿಲ್ಲ. ಇದಕ್ಕೆ ಅಂತರ್ಜಾಲ ಸಂಪರ್ಕ ಬೇಕು.

4. ಮುಂದಿನದು ಅತಿ ಮುಖ್ಯವಾದ ಪ್ರಶ್ನೆ. ವಿಂಡೋಸನ್ನು ಉಳಿಸಿಕೊಂಡು ಪಕ್ಕದಲ್ಲಿ ಹಾಕುವುದೇ, ಅಥವಾ ತಟ್ಟೆಯನ್ನು ಅಳಿಸಿ ಹಾಕುವುದೇ ಎಂದು ಕೇಳುತ್ತದೆ. ವಿಂಡೋಸ್‌ನ ಯಾವುದಾದರೂ ಕೆಲಸ ಇನ್ನೂ ಉಳಿದಿದ್ದರೆ ಪಕ್ಕದಲ್ಲಿ ಹಾಕುವುದನ್ನು ಆರಿಸಬೇಕು. ಹಾಗೆ ಮಾಡುವವರು ಮೊದಲೇ ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಎಂಬುದನ್ನು ನಿಲ್ಲಿಸಿ, ಯಂತ್ರವನ್ನು ಪೂರ್ತಿ ಆರಿಸಿರಬೇಕು. ಬಿಟ್‌ಲಾಕರ್ ಬೀಗವಿದ್ದರೆ ಅದರ ಮರುಪಡೆಯುವ ಕೀಲಿಯನ್ನು ಬರೆದಿಟ್ಟುಕೊಂಡಿರಬೇಕು. ಅಳಿಸಿ ಹಾಕುವವರು ಕಡತಗಳ ನಕಲನ್ನು ಇನ್ನೊಮ್ಮೆ ನೋಡಿ, ಆ ಪೆನ್‌ಡ್ರೈವನ್ನು ಯಂತ್ರದಿಂದ ಕಿತ್ತಿಟ್ಟು, ನಂತರವೇ ಒಪ್ಪಿಗೆ ಕೊಡಬೇಕು.

5. ಸಮಯವಲಯವಾಗಿ ಕೋಲ್ಕತ್ತವನ್ನು ಆರಿಸಬೇಕು. ಇಡೀ ಭಾರತಕ್ಕೆ ಇದೇ ಸಲ್ಲುತ್ತದೆ.

6. ಹೆಸರು ಮತ್ತು ಗುಪ್ತಪದ ಕೊಡಬೇಕು. ಕಡತಗಳನ್ನು ಗೂಢಲಿಪಿಗೊಳಿಸುವ ಆಯ್ಕೆಯೂ ಇಲ್ಲಿದೆ. ಅದನ್ನು ಆರಿಸಿ ಗುಪ್ತಪದ ಮರೆತರೆ ಕಡತಗಳನ್ನು ಯಾರೂ ತೆರೆಯಲಾರರು. ಗುಪ್ತಪದವನ್ನು ಕಾಗದದಲ್ಲಿ ಬರೆದು ಜಮೀನಿನ ಪತ್ರಗಳ ಜೊತೆ ಇಡುವುದು ಒಳ್ಳೆಯದು.

ಎಸ್‌ಎಸ್‌ಡಿ ಇರುವ ಯಂತ್ರದಲ್ಲಿ ಈ ಕೆಲಸ ಸುಮಾರು ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಹಳೆಯ ತಟ್ಟೆಯಾದರೆ ಹೆಚ್ಚು ಹೊತ್ತು ಬೇಕು. ಮುಗಿದ ಮೇಲೆ ಪೆನ್‌ಡ್ರೈವ್ ತೆಗೆದು ಯಂತ್ರವನ್ನು ಮತ್ತೆ ಹಾಕಬೇಕು. ಈ ಪೆನ್‌ಡ್ರೈವನ್ನು ಅಳಿಸದೆ ಜೋಪಾನ ಮಾಡಬೇಕು. ಮುಂದೆ ಯಂತ್ರ ಏಳದಿದ್ದಾಗ ಕಡತಗಳನ್ನು ಹೊರತೆಗೆಯಲು ಅದೇ ಸಾಧನ.

ಕನ್ನಡದ ಏರ್ಪಾಡು

1991ರ ಮೊದಲ ಆವೃತ್ತಿಯಲ್ಲಿಯೇ ಯೂನಿಕೋಡಿನಲ್ಲಿ ಕನ್ನಡ ಸೇರಿತ್ತು. ಲಿನಕ್ಸಿನಲ್ಲಿ ಕನ್ನಡ ಓದಲು ತೊಂದರೆಯಿಲ್ಲ. ಸಾಫ್ಟ್‌ವೇರ್ ಮ್ಯಾನೇಜರ್ ಎಂಬ ಉಗ್ರಾಣದಿಂದ ಲೋಹಿತ್ ಕನ್ನಡ, ಗುಬ್ಬಿ, ನವಿಲು ಎಂಬ ಮುಕ್ತ ಅಕ್ಷರಶೈಲಿಗಳನ್ನು ಹಾಕಿಕೊಳ್ಳಬಹುದು.

ಬರೆಯಲು ಐಬಸ್ ಮತ್ತು ಅದರ ಎಂ17ಎನ್ ಎಂಬ ಭಾಗವನ್ನು ಅದೇ ಉಗ್ರಾಣದಿಂದ ಹಾಕಬೇಕು. ಅದರಲ್ಲಿ ಕನ್ನಡಕ್ಕೆ ಕೆಜಿಪಿ, ಇನ್‌ಸ್ಕ್ರಿಪ್ಟ್ ಮೊದಲಾದ ವಿನ್ಯಾಸಗಳಿವೆ. ನುಡಿಯಲ್ಲಿ ಬೆರಳಚ್ಚು ಮಾಡಿ ರೂಢಿಯಿರುವವರು ಕೆಜಿಪಿಯನ್ನು ಆರಿಸಬೇಕು. ಇದು ಕನ್ನಡ ಗಣಕ ಪರಿಷತ್ತಿನ ವಿನ್ಯಾಸ, ಇದರ ಮೂಲ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ. ಆದ್ದರಿಂದ ಹೊಸದಾಗಿ ಕಲಿಯುವುದು ಹೆಚ್ಚೇನೂ ಇರುವುದಿಲ್ಲ.

ಲಿಬ್ರೆ ಆಫೀಸ್ ಎಂಬ ಕಟ್ಟು ಮಿಂಟ್‌ನ ಜೊತೆಗೇ ಬರುತ್ತದೆ. ಅದರ ಕ್ಯಾಲ್ಕ್ ಹಾಳೆಯಲ್ಲಿ ಬೇಸಾಯದ ಲೆಕ್ಕ ಇಡುವುದನ್ನು ರೈತರು ರೂಢಿ ಮಾಡಿಕೊಳ್ಳಬೇಕು. ರಾಗಿಗೆ ಉಳುಮೆ, ಬೀಜ, ಗೊಬ್ಬರ, ಕಳೆ, ಕೊಯ್ಲು, ಒಕ್ಕಣೆ ಎಂದು ಒಂದೊಂದು ಸಾಲು. ರೇಷ್ಮೆಗೆ ಪ್ರತಿ ಸಾಕಣೆಯ ತಾರೀಖು, ಮೊಟ್ಟೆಗಳ ಸಂಖ್ಯೆ, 100 ಮೊಟ್ಟೆಗೆ ಬಂದ ಗೂಡಿನ ತೂಕ, ಮಾರಿದ ದರ. ಎರಡು ವರ್ಷ ಹೀಗೆ ಬರೆದರೆ ಯಾವ ಬೆಳೆಯಲ್ಲಿ ಎಷ್ಟು ಉಳಿಯಿತೆಂಬುದು ಅಂದಾಜಿನಿಂದಲ್ಲ, ಅಂಕಿಯಿಂದ ತಿಳಿಯುತ್ತದೆ.

ಪಾಲನೆ

ಹಾಕಿ ಬಿಟ್ಟರೆ ಸಾಲದು. ನೆಟ್ಟ ಹಿಪ್ಪುನೇರಳೆಗೂ ಸವರುವಿಕೆ, ಗೊಬ್ಬರ ಬೇಕಷ್ಟೆ. ಲಿನಕ್ಸಿನ ಪಾಲನೆ ಹೀಗಿದೆ.

ವಾರಕ್ಕೊಮ್ಮೆ: ಕೆಳಗಿನ ಪಟ್ಟಿಯಲ್ಲಿ ಗುರಾಣಿಯ ಚಿತ್ರವಿರುವ ಅಪ್‌ಡೇಟ್ ಮ್ಯಾನೇಜರನ್ನು ತೆರೆದು ಬಂದಿರುವ ಪರಿಷ್ಕರಣೆಗಳನ್ನು ಹಾಕಬೇಕು. ವ್ಯವಸ್ಥೆಗೆ ಮಾತ್ರವಲ್ಲದೆ ಫೈರ್‌ಫಾಕ್ಸ್, ಲಿಬ್ರೆ ಆಫೀಸ್ ಎಲ್ಲಕ್ಕೂ ಇಲ್ಲಿಂದಲೇ ಪರಿಷ್ಕರಣೆ ಬರುತ್ತದೆ. ಮನೆಯಲ್ಲಿ ಸಂಪರ್ಕ ಇಲ್ಲದವರು ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಟೆದರಿಂಗ್ ಹಾಕಿ ಈ ಕೆಲಸ ಮಾಡಬಹುದು.

ತಿಂಗಳಿಗೊಮ್ಮೆ: ಹೊಸ ಕಡತಗಳನ್ನು ಹೊರಗಿನ ತಟ್ಟೆಗೆ ನಕಲು ಮಾಡಬೇಕು. ಮಿಂಟ್‌ನಲ್ಲಿ ಟೈಮ್‌ಶಿಫ್ಟ್ ಎಂಬ ಸಾಧನವಿದೆ. ಅದು ವ್ಯವಸ್ಥೆಯ ಚಿತ್ರವನ್ನು ತೆಗೆದಿಟ್ಟು, ಪರಿಷ್ಕರಣೆಯಿಂದ ಏನಾದರೂ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಿಸುತ್ತದೆ. ಇದನ್ನು ಮೊದಲ ದಿನವೇ ಆರಂಭಿಸಬೇಕು. ಆದರೆ ಟೈಮ್‌ಶಿಫ್ಟ್ ತಾನಾಗಿ ನಮ್ಮ ಸ್ವಂತ ಕಡತಗಳನ್ನು ಉಳಿಸುವುದಿಲ್ಲ. ವ್ಯವಸ್ಥೆಯ ರಕ್ಷಣೆ ಬೇರೆ, ಕಡತಗಳ ರಕ್ಷಣೆ ಬೇರೆ ಎಂಬುದನ್ನು ಮರೆಯಬಾರದು.

ಆರು ತಿಂಗಳಿಗೊಮ್ಮೆ: ಯಂತ್ರವನ್ನು ಆರಿಸಿ ಗಾಳಿಕಿಂಡಿ ಮತ್ತು ಬೀಸಣಿಗೆಯ ಧೂಳನ್ನು ತೆಗೆಯಬೇಕು. ಒಕ್ಕಣೆಯ ಕಾಲದಲ್ಲಿ ಹೊಟ್ಟಿನ ಧೂಳು ಕಿಂಡಿಯನ್ನು ಕಟ್ಟಿ ಯಂತ್ರ ಬಿಸಿಯಾಗುತ್ತದೆ. ಬಿಸಿಯಾದ ಯಂತ್ರ ತಾನಾಗಿ ನಿಧಾನವಾಗುತ್ತದೆ. ಇದನ್ನು ವೈರಸ್ಸೆಂದು ತಿಳಿದು ಹಣ ಕಳೆಯುವವರುಂಟು. ಮುಂಗಾರಿಗೆ ಮುನ್ನ ಗುಡುಗು ಮಿಂಚಿನ ದಿನಗಳಲ್ಲಿ ತಂತಿಯನ್ನು ಗೋಡೆಯಿಂದ ಕಿತ್ತಿಡಬೇಕು.

ತಂತ್ರಾಂಶವನ್ನು ಉಗ್ರಾಣದಿಂದ ಮಾತ್ರ ತೆಗೆದುಕೊಳ್ಳುವುದು ಇನ್ನೊಂದು ಮುಖ್ಯ ನಿಯಮ. ಯಾವುದೋ ತಾಣದಲ್ಲಿ ಕಂಡ ಆದೇಶದ ಸಾಲನ್ನು ಅರ್ಥ ತಿಳಿಯದೆ ಟರ್ಮಿನಲ್ಲಿಗೆ ಹಾಕಿ ಗುಪ್ತಪದ ಕೊಡುವುದು, ಹೆಸರು ತಿಳಿಯದ ಔಷಧವನ್ನು ಬೆಳೆಗೆ ಸಿಂಪಡಿಸಿದಂತೆ. ಲಿನಕ್ಸಿಗೆ ವೈರಸ್ ಬಾಧೆ ಕಡಿಮೆ, ಇಲ್ಲವೇ ಇಲ್ಲವೆಂದಲ್ಲ. 2024ರ ಮಾರ್ಚ್ 29ರಂದು ಎಕ್ಸ್‌ಜೆಡ್ ಎಂಬ ಉಪತಂತ್ರಾಂಶದಲ್ಲಿ ಯಾರೋ ಗುಟ್ಟಾಗಿ ಕಳ್ಳಬಾಗಿಲು ಇಟ್ಟಿದ್ದುದು ಬಯಲಾಯಿತು. ದೂರದ ಯಂತ್ರಕ್ಕೆ ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದ್ದುದನ್ನು ಗಮನಿಸಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರು ಅದನ್ನು ಪತ್ತೆಹಚ್ಚಿದರು. ಒಳರಚನೆ ಎಲ್ಲರಿಗೂ ತೆರೆದಿದ್ದುದರಿಂದ ಅವರು ಮೂಲದವರೆಗೆ ಹುಡುಕಲು ಸಾಧ್ಯವಾಯಿತು. ಜೊತೆಗೆ, ವಂಚಕರು ದೂರವಾಣಿಯಲ್ಲಿ ಕೇಳಿದ ಓಟಿಪಿಯನ್ನು ನಾವೇ ಹೇಳಿಬಿಟ್ಟರೆ ಯಾವ ವ್ಯವಸ್ಥೆಯೂ ಹಣವನ್ನು ಕಾಪಾಡಲಾರದು.

ಸಾಮಾನ್ಯ ತೊಂದರೆಗಳು ಮತ್ತು ಪರಿಹಾರ

ಪೆನ್‌ಡ್ರೈವಿನಿಂದ ಯಂತ್ರ ಏಳುವುದಿಲ್ಲ: ಬೇರೆ ಕಿಂಡಿಯಲ್ಲಿ ಹಾಕಿ ನೋಡಿ. ಆಗದಿದ್ದರೆ ರೂಫಸ್‌ನಿಂದ ಮತ್ತೊಮ್ಮೆ ಬರೆಯಿರಿ.

ಪರದೆ ಕಪ್ಪಾಗಿ ನಿಲ್ಲುತ್ತದೆ: ಆರಂಭದ ಪಟ್ಟಿಯಲ್ಲಿ ಕಂಪಾಟಿಬಿಲಿಟಿ ಮೋಡ್ ಎಂಬುದನ್ನು ಆರಿಸಿ.

ವೈಫೈ ಕಾಣುವುದಿಲ್ಲ: ಮೊಬೈಲ್ ಟೆದರಿಂಗ್ ಮೂಲಕ ಸಂಪರ್ಕ ಪಡೆದು ಡ್ರೈವರ್ ಮ್ಯಾನೇಜರ್ ತೆರೆಯಿರಿ. ಬೇಕಾದ ಚಾಲಕವನ್ನು ಅದು ತೋರಿಸುತ್ತದೆ.

ಬ್ರೌಸರ್ ತೆರೆದರೆ ಯಂತ್ರ ಎಳೆದಾಡುತ್ತದೆ: 4 ಜಿಬಿ ರ್‍ಯಾಮ್ ಇರುವ ಯಂತ್ರದಲ್ಲಿ ಒಮ್ಮೆಗೇ ಹತ್ತಾರು ಪುಟಗಳನ್ನು ತೆರೆಯಬಾರದು. ಸಾಧ್ಯವಿದ್ದರೆ ಇನ್ನೊಂದು 4 ಜಿಬಿ ರ್‍ಯಾಮ್ ಹಾಕಿಸಬೇಕು.

ತಟ್ಟೆ ತುಂಬಿದೆ ಎಂಬ ಎಚ್ಚರಿಕೆ ಬರುತ್ತದೆ: ಟೈಮ್‌ಶಿಫ್ಟ್‌ನ ಹಳೆಯ ಚಿತ್ರಗಳನ್ನು ತೆಗೆದು, ಎರಡು ಮೂರನ್ನು ಮಾತ್ರ ಉಳಿಸಿಕೊಳ್ಳಬೇಕು.

ಯಂತ್ರವೇ ಏಳುವುದಿಲ್ಲ: ಗಾಬರಿಯಾಗಿ ಮತ್ತೆ ಸ್ಥಾಪನೆ ಮಾಡಬಾರದು. ಮೊದಲು ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿ, ತಟ್ಟೆಯನ್ನು ತೆರೆದು, ಕಡತಗಳನ್ನು ಹೊರಕ್ಕೆ ನಕಲು ಮಾಡಿ. ದುರಸ್ತಿಯ ಮಾತು ಆಮೇಲೆ.

ಖರ್ಚು ಮತ್ತು ನೆರವು

ತಂತ್ರಾಂಶಕ್ಕೆ ಬೆಲೆಯಿಲ್ಲ. ಪೆನ್‌ಡ್ರೈವ್‌ಗೆ ಕೆಲವು ನೂರು ರೂಪಾಯಿ, ಇಳಿಸಿಕೊಳ್ಳಲು ಒಂದೆರಡು ದಿನದ ಮೊಬೈಲ್ ದತ್ತಾಂಶ, ಇಷ್ಟೇ ಅನಿವಾರ್ಯ ಖರ್ಚು. ಎಸ್‌ಎಸ್‌ಡಿ ಮತ್ತು ರ್‍ಯಾಮ್ ಹಾಕಿಸಿದರೂ ಹೊಸ ಲ್ಯಾಪ್‌ಟಾಪಿನ ಬೆಲೆಯ ಒಂದು ಭಾಗ ಮಾತ್ರ ಆಗುತ್ತದೆ. ಉಳಿದ ಹಣ ಬೀಜ, ಗೊಬ್ಬರಕ್ಕೆ ಒದಗುತ್ತದೆ.

ಕಲಿಸುವವರು ಹತ್ತಿರದಲ್ಲಿಯೇ ಸಿಗಬಹುದು. 2011ರ ನಂತರ ಕರ್ನಾಟಕದ ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗಾಗಿ ನಡೆದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಉಬುಂಟುವನ್ನೇ ಬಳಸಲಾಗಿತ್ತು. ನೆರೆಯ ಕೇರಳದ ಶಾಲೆಗಳಲ್ಲಿ ಲಿನಕ್ಸ್ ಬಹುಕಾಲದಿಂದ ರೂಢಿಯಲ್ಲಿದೆ. ಊರಿನ ಪ್ರೌಢಶಾಲೆಯ ಶಿಕ್ಷಕರನ್ನೋ ಕಾಲೇಜಿಗೆ ಹೋಗುವ ಮಕ್ಕಳನ್ನೋ ಮೊದಲ ಸ್ಥಾಪನೆಯ ದಿನ ಜೊತೆಗೆ ಕೂರಿಸಿಕೊಂಡರೆ ಧೈರ್ಯ ಬರುತ್ತದೆ.

ರೈತರು ಇದನ್ನು ಒಬ್ಬೊಬ್ಬರೇ ಮಾಡುವುದಕ್ಕಿಂತ ನಾಲ್ಕೈದು ಮನೆಯವರು ಕೂಡಿ ಮಾಡುವುದು ಹಿತ. ಸುಗ್ಗಿ ಮುಗಿದು ಬಿಡುವಿರುವ ದಿನಗಳಲ್ಲಿ, ಒಬ್ಬರ ಮನೆಯ ತೀರ ಹಳೆಯ ಯಂತ್ರದ ಮೇಲೆ ಮೊದಲು ಹಾಕಿ ಒಂದು ತಿಂಗಳು ಬಳಸಿ ನೋಡಬೇಕು. ಆ ಮನೆಯವರಿಗೆ ಒಪ್ಪಿಗೆಯಾದರೆ ಅದೇ ಪೆನ್‌ಡ್ರೈವ್ ಮುಂದಿನ ಮನೆಗೆ ಹೋಗಲಿ. ಪಡೆದವರು ಕಡತಗಳನ್ನು ನಕಲು ಮಾಡಿ ತೆರೆದು ನೋಡಿದ ಮೇಲೆಯೇ ಅದನ್ನು ಯಂತ್ರಕ್ಕೆ ಸಿಕ್ಕಿಸತಕ್ಕದ್ದು.